ಸದ್ದು ಏರಿತು, ಶಕ್ತಿ ಏರಿತೆ?

ಕಂಪನಿಯಿಂದ ಬಂದ ಕಾಗದದ ಏರ್ ಫಿಲ್ಟರ್ ಕಿತ್ತು, ತೊಳೆದು ಮತ್ತೆ ಬಳಸುವ ಎಣ್ಣೆ ಹಚ್ಚಿದ ಹತ್ತಿಯ ಫಿಲ್ಟರ್ ಕೂರಿಸಿದರೆ ಪಿಕಪ್ಪೂ ಮೈಲೇಜೂ ಏರುತ್ತವೆ ಎಂದು ನಂಬುವ ಕಾರುಪ್ರಿಯರು ಬಹಳ.

ಲೆಕ್ಕ ಹಾಕಿದರೆ ಚಿತ್ರ ಬೇರೆ. 1.2 ಲೀಟರಿನ ಪೆಟ್ರೋಲ್ ಎಂಜಿನ್ 6000 ಆರ್‌ಪಿಎಂನಲ್ಲಿ ಹೆಚ್ಚೆಂದರೆ ನಿಮಿಷಕ್ಕೆ 3600 ಲೀಟರ್ ಗಾಳಿ ಎಳೆಯುತ್ತದೆ. ಒಂದಷ್ಟು ಧೂಳು ಕೂತ ಮೇಲೂ ಇಷ್ಟು ಗಾಳಿ ಬಿಡುವಂತೆ ಲೆಕ್ಕ ಹಾಕಿಯೇ ಕಂಪನಿ ಫಿಲ್ಟರ್ ಮಾಡಿರುತ್ತದೆ. ಊರೊಳಗೆ ಓಡಿಸುವಾಗಲಂತೂ ಗಾಳಿಗೆ ದೊಡ್ಡ ಅಡ್ಡಿ ಫಿಲ್ಟರಲ್ಲ, ಅರೆ ತೆರೆದ ಥ್ರಾಟಲ್. ಆಕ್ಸಿಲರೇಟರ್ ಪೂರ್ತಿ ತುಳಿದು ಎಂಜಿನ್ ಕಿರುಚುವಾಗ ಮಾತ್ರ ಎರಡು ಫಿಲ್ಟರುಗಳ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ, ಅದೂ ಅಲ್ಪಸ್ವಲ್ಪ.

ಮಂಗಳೂರಿನಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿಗೆ ಬರುವ ಹೊತ್ತಿಗೆ ಗಾಳಿಯ ಒತ್ತಡ ಶೇ 10ರಷ್ಟು ಇಳಿದಿರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಇದು ಎಷ್ಟು ಮಂದಿಯ ಗಮನಕ್ಕೆ ಬಂದೀತು? ಆದರೂ ಫಿಲ್ಟರ್ ಬದಲಿಸಿದ ಸಂಜೆಯೇ 'ಗಾಡಿ ಹಾರ್ತಿದೆ' ಎನ್ನುವವರಿದ್ದಾರೆ.

ಹಾಗೆನಿಸಲು ಕಾರಣ ಕಿವಿ. ಫಿಲ್ಟರ್ ಕೂರುವ ಕಂಪನಿಯ ಪೆಟ್ಟಿಗೆ ಗಾಳಿ ಎಳೆಯುವ ಸದ್ದನ್ನೂ ಅಡಗಿಸುತ್ತದೆ. ಅದನ್ನೇ ತೆಗೆದು ಶಂಕುವಿನಾಕಾರದ ತೆರೆದ ಫಿಲ್ಟರ್ ಸಿಕ್ಕಿಸಿದಾಗ ಎಂಜಿನ್ ಗರ್ಜಿಸುತ್ತದೆ, ಗರ್ಜನೆ ಶಕ್ತಿಯಂತೆ ಕೇಳಿಸುತ್ತದೆ. ತಮಾಷೆಯೆಂದರೆ, ಬಾನೆಟ್ಟಿನಡಿಯ ಬಿಸಿಗಾಳಿ ಕುಡಿಯುವ ಇಂಥ ಫಿಲ್ಟರ್ ಶಕ್ತಿಯನ್ನು ಕಳೆಯಲೂಬಹುದು: ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಶೇ 3ರಷ್ಟು ಇಳಿಯುತ್ತದೆ.

ಮೈಲೇಜಿನ ಮಾತಿಗೆ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ 2009ರ ವರದಿಯೇ ಉತ್ತರ. ಟೊಯೊಟ ಕ್ಯಾಮ್ರಿ ಸೇರಿದಂತೆ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಫಿಲ್ಟರನ್ನು ಬೇಕೆಂದೇ ಕಟ್ಟಿಸಿ ನೋಡಿದರೂ ಮೈಲೇಜ್ ಗಮನಾರ್ಹವಾಗಿ ಇಳಿಯಲಿಲ್ಲ. ಒಳಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಕೊಡುತ್ತದಲ್ಲ! ಪಿಕಪ್ ಮಾತ್ರ ಮಂದವಾಯಿತು. ಹೊಸ ಫಿಲ್ಟರ್ ಹಾಕಿದಾಗ ಅದು ಶೇ 6ರಿಂದ 11ರಷ್ಟು ಸುಧಾರಿಸಿತು. ಅಂದರೆ ಲಾಭವಿರುವುದು ಕೊಳೆಯಾದದ್ದನ್ನು ಬದಲಿಸುವುದರಲ್ಲಿ, ದುಬಾರಿಯದನ್ನು ಕೊಳ್ಳುವುದರಲ್ಲಲ್ಲ. ಮೈಲೇಜ್ ಮಾತು ಕಾರ್ಬುರೇಟರ್ ಕಾಲದ್ದು. ಅದೇ ಪರೀಕ್ಷೆಯಲ್ಲಿ 1972ರ ಡಾಡ್ಜ್ ಚಾರ್ಜರಿನ ಮೈಲೇಜಿಗೆ ಪೆಟ್ಟು ಬಿದ್ದಿತ್ತು.

ಸದಾ ಪೂರ್ತಿ ಥ್ರಾಟಲಿನಲ್ಲಿ ಓಡುವ, ಆಗಾಗ ಬಿಚ್ಚಿ ಕಟ್ಟುವ ರೇಸ್ ಎಂಜಿನ್ನಿಗೆ ಹತ್ತಿಯ ಫಿಲ್ಟರ್ ಒಗ್ಗುತ್ತದೆ. ದಿನಬಳಕೆಯ ಕಾರಿಗೆ ನುಣ್ಣನೆಯ ಧೂಳೇ ವೈರಿ. ಅದರಲ್ಲಿರುವ ಸಿಲಿಕಾ ಕಣಗಳು ಪಿಸ್ಟನ್ ರಿಂಗನ್ನೂ ಸಿಲಿಂಡರನ್ನೂ ಸವೆಸುತ್ತವೆ. ತೊಳೆದ ಫಿಲ್ಟರಿಗೆ ಎಣ್ಣೆ ಕಡಿಮೆಯಾದರೆ ಧೂಳು ನುಸುಳುತ್ತದೆ, ಅತಿಯಾದರೆ ಗಾಳಿ ಅಳೆಯುವ ಸೆನ್ಸರಿಗೆ ಅಂಟುತ್ತದೆ. ಫಿಲ್ಟರ್ ಯಾವುದೇ ಇರಲಿ, ಅಂಚಿನ ರಬ್ಬರ್ ಸರಿಯಾಗಿ ಕೂರದಿದ್ದರೆ ಧೂಳು ಪಕ್ಕದ ಸಂದಿನಿಂದ ನೇರ ಎಂಜಿನ್ನಿಗೇ ಹೋಗುತ್ತದೆ.