ಹುಲ್ಲಿನ ಉದ್ಯಾನ ನೋಡುವ ಕಾಲ

ಪ್ರಶ್ನೆ: ಹುಲ್ಲನ್ನೇ ಬೆಳೆಸುವ ಉದ್ಯಾನ ಎಂದರೇನು? ಬೀದರ್ ಕಡೆ ಅಂಥ ನೋಟ ಸಿಗುತ್ತದೆಯೇ?

ಉತ್ತರ: ಡಚ್ ವಿನ್ಯಾಸಕಾರ ಪೀಟ್ ಔಡಾಲ್ಫ್ ಗಿಡಗಳನ್ನು ಆಯ್ದು ಜೋಡಿಸಿದ, 2009ರಲ್ಲಿ ಮೊದಲ ಭಾಗ ತೆರೆದ ನ್ಯೂಯಾರ್ಕಿನ ಹೈಲೈನ್‌ನಂಥ ಉದ್ಯಾನಗಳಲ್ಲಿ ಹುಲ್ಲುಗಳು ಬಹುವಾರ್ಷಿಕಗಳೊಡನೆ, ಅಂದರೆ ವರ್ಷವರ್ಷವೂ ಬೇರಿನಿಂದಲೇ ಚಿಗುರುವ ಹೂಗಿಡಗಳೊಡನೆ, ಬೆರೆತು ಬೆಳೆಯುತ್ತವೆ, ಒಣಗಿದ ತೆನೆಗಳನ್ನು ಚಳಿಗಾಲವಿಡೀ ಕತ್ತರಿಸದೆ ಉಳಿಸುವುದರಿಂದ ಹಕ್ಕಿಗಳಿಗೂ ಕಾಳು ದೊರೆಯುತ್ತದೆ. ಬೀದರ್ ಸೀಮೆಗೆ ಈ ಚೆಲುವು ಹೊಸದಲ್ಲ: ಜಿಲ್ಲೆಯ ಜಂಬಿಟ್ಟಿಗೆ ನೆಲದ, ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲುಗಳು ಯಾರೂ ನೆಡದ ಉದ್ಯಾನಗಳೇ ಆಗಿವೆ. ಇಂಥ ಹುಲ್ಲುಗಾವಲುಗಳಲ್ಲಿ ಬೆಳೆಯುವ ದಖ್ಖನಿನ ಈಟಿಹುಲ್ಲಿನ ಬೀಜಕ್ಕಿರುವ ಉದ್ದನೆಯ ಬಾಲವು ತೇವಕ್ಕೆ ಬಿಚ್ಚಿಕೊಂಡು, ಬಿಸಿಲಿಗೆ ಹುರಿಗೊಂಡು, ಚೂಪು ಮೊನೆಯನ್ನು ತಿರುಪಿನಂತೆ ಮಣ್ಣಿಗಿಳಿಸುತ್ತದೆ. ಮಳೆಗಾಲ ಮುಗಿದು ತೆನೆ ಬಲಿಯುವ ಅಕ್ಟೋಬರ್, ನವೆಂಬರ್‌ನ ಬೆಳಗುಗಳೇ ಈ ಹುಲ್ಲುಗಾವಲುಗಳನ್ನು ನೋಡಲು ತಕ್ಕ ಕಾಲ. ಹೋದವರು ಒಣಹುಲ್ಲಿಗೆ ಬೀಡಿಯ ಕಿಡಿಯೂ ತಾಗದಂತೆ ಎಚ್ಚರ ವಹಿಸಬೇಕು.