ಅನಾರೋಗ್ಯದಲ್ಲಿಯೂ ಎಂದು ಕೊಟ್ಟ ಮಾತು

ವಿವಾಹ ಸಂಸ್ಕಾರದ ದಿನ ಬಲಿಪೀಠದ ಮುಂದೆ ವಧೂವರರು ಪರಸ್ಪರ ಕೊಡುವ ಮಾತಿನಲ್ಲಿ ಸುಖದುಃಖಗಳೊಡನೆ ಆರೋಗ್ಯ, ಅನಾರೋಗ್ಯಗಳೂ ಸೇರಿವೆ. ಇಪ್ಪತ್ತೈದರ ಹರೆಯದಲ್ಲಿ ಆ ಮಾತಿನ ಉತ್ತರಾರ್ಧ ಹೆಚ್ಚಿನವರ ಮನಸ್ಸಿಗೆ ಇಳಿಯುವುದಿಲ್ಲ. ಇಳಿಯುವುದು ಬಹಳ ವರ್ಷಗಳ ಬಳಿಕ, ನಡುರಾತ್ರಿಯಲ್ಲಿ, ಪಕ್ಕದಲ್ಲಿ ಮಲಗಿದ್ದವರು ಎದೆ ಹಿಡಿದುಕೊಂಡು ಎದ್ದು ಕುಳಿತಾಗ.

1955ರ ಸೆಪ್ಟೆಂಬರ್ 24ರ ನಸುಕಿನಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಡ್ವೈಟ್ ಐಸೆನ್‌ಹೋವರ್ ಅವರ ಪತ್ನಿ ಮೇಮಿಯವರಿಗೆ ಎದುರಾದದ್ದು ಇಂಥದೇ ಗಳಿಗೆ. ದಂಪತಿಗಳು ಡೆನ್ವರ್ ನಗರದಲ್ಲಿ ಮೇಮಿಯವರ ತಾಯಿಯ ಮನೆಯಲ್ಲಿದ್ದರು. ಹಿಂದಿನ ದಿನ ಗಾಲ್ಫ್ ಆಡುವಾಗಲೇ ಅಧ್ಯಕ್ಷರು ಹೊಟ್ಟೆ ಸರಿಯಿಲ್ಲವೆಂದು ಹೇಳಿ, ತಾವು ತಿಂದ ಈರುಳ್ಳಿಯನ್ನು ದೂರಿದ್ದರು. ರಾತ್ರಿ ನೋವು ಬಂದಾಗ ಪತ್ನಿ ಮೊದಲು ಕೊಟ್ಟದ್ದು ಅಜೀರ್ಣದ ಔಷಧ. ಅನಂತರ ವೈದ್ಯರನ್ನು ಕರೆಸಿದರು. ಆದರೂ ಇಸಿಜಿ ತೆಗೆದು ಹೃದಯಾಘಾತವೆಂದು ಖಚಿತಪಡಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಖಾಸಗಿ ವೈದ್ಯರು ಹಾಸಿಗೆಯ ಬಳಿಯೇ ಇದ್ದ ರಾಷ್ಟ್ರಾಧ್ಯಕ್ಷರ ಕಥೆ ಇದಾದರೆ, ನಮ್ಮ ನಿಮ್ಮ ಪಾಡೇನು?

ನಮ್ಮ ಮನೆಗಳಲ್ಲಿಯೂ ಮೊದಲ ಅನುಮಾನ ‘ಗ್ಯಾಸ್’ ಮೇಲೆಯೇ. ಸೋಡಾ ಕುಡಿಸುತ್ತೇವೆ, ಜೀರಿಗೆ ಕಷಾಯ ಕಾಯಿಸುತ್ತೇವೆ, ಬೆಳಗಾಗಲಿ ನೋಡೋಣ ಎನ್ನುತ್ತೇವೆ. ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ದಾರಿಯನ್ನು ಮುಚ್ಚಿದಾಗ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಚಿಕಿತ್ಸೆಯ ಪೂರ್ಣ ಲಾಭ ದೊರೆಯುವುದು ಮೊದಲ ಒಂದೆರಡು ಗಂಟೆಗಳಲ್ಲಿ. ಎದೆಯ ಮೇಲೆ ಭಾರ ಹೇರಿದಂಥ ನೋವು, ಅದು ಎಡತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ವಾಕರಿಕೆ – ಇವು ಕಂಡಾಗ ರೋಗಿ ‘ಏನೂ ಇಲ್ಲ, ಮಲಗು’ ಎಂದರೂ ಸಂಗಾತಿಯಾದವರು ಕೇಳಬಾರದು. ಸ್ತ್ರೀಯರಲ್ಲಿ ಎದೆನೋವಿಗಿಂತ ಉಬ್ಬಸ, ವಿಪರೀತ ಸುಸ್ತು, ಬೆನ್ನುನೋವುಗಳೇ ಎದ್ದು ಕಾಣುವುದುಂಟು. ಅಡುಗೆ ಮುಗಿಸಿಯೇ ಮಲಗುವ ಗೃಹಿಣಿಯ ಸುಸ್ತನ್ನು ನಮ್ಮಲ್ಲಿ ರೋಗವೆಂದು ಎಣಿಸುವವರು ಯಾರು? ಪತಿಯಾದವನು ಎಣಿಸಬೇಕು.

ರೋಗಿಯೇ ವಾಹನ ಚಲಾಯಿಸಿಕೊಂಡು ಹೋಗುವುದು ಬೇಡ. 108ಕ್ಕೆ ಕರೆ ಮಾಡಿ. ಇಸಿಜಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇಂದೇ, ಎಲ್ಲರೂ ನೆಟ್ಟಗಿರುವಾಗಲೇ, ವಿಚಾರಿಸಿ ಇಟ್ಟುಕೊಳ್ಳಿ. ಕರ್ನಾಟಕ ಸರ್ಕಾರ 2023ರಲ್ಲಿ ಆರಂಭಿಸಿದ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಗೆ ಒಳಪಟ್ಟ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿಯನ್ನು ದೂರದ ತಜ್ಞರಿಗೆ ಕಳುಹಿಸಿ, ಅವರ ಸಲಹೆಯಂತೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯೇ ಎಂದು ತಿಳಿದಿರುವುದು ಮೇಲು.

ಆಸ್ಪತ್ರೆಯಲ್ಲಿ ಸಂಗಾತಿಯ ಕೆಲಸ ಕಣ್ಣೀರು ಸುರಿಸುವುದಷ್ಟೇ ಅಲ್ಲ. ಭಯಗೊಂಡ ರೋಗಿಗೆ ವೈದ್ಯರ ಮಾತು ಅರ್ಧವೂ ತಲೆಗೆ ಹೋಗದು. ಕೈಯಲ್ಲೊಂದು ಪುಸ್ತಕ ಹಿಡಿದು, ನಿತ್ಯ ಸೇವಿಸುವ ಮಾತ್ರೆಗಳ ಹೆಸರು, ಹಿಂದಿನ ರೋಗಗಳು, ವೈದ್ಯರ ಉತ್ತರ, ಇವನ್ನೆಲ್ಲ ಬರೆದಿಟ್ಟುಕೊಳ್ಳುವುದು ದೊಡ್ಡ ಉಪಕಾರ. ಬಂಧುಗಳಿಗೆ ಸುದ್ದಿ ಮುಟ್ಟಿಸುವ ಹೊಣೆಯನ್ನು ಭಾವನಿಗೋ ಮಗಳಿಗೋ ವಹಿಸಿರಿ. ಇನ್ನು ರೋಗಿಯನ್ನು ಕಾಣಲು ಬಂದು, ಹೀಗೆಯೇ ಎದೆನೋವು ಬಂದು ತೀರಿಹೋದವರ ಪಟ್ಟಿಯನ್ನು ಮಂಚದ ಬಳಿಯೇ ಒಪ್ಪಿಸುವ ಹಿತೈಷಿಗಳಿದ್ದಾರೆ. ಅವರನ್ನು ಬಾಗಿಲಲ್ಲೇ ತಡೆದರೆ ಪಾಪವೇನೂ ತಟ್ಟದು.

ಗುರುಗಳನ್ನು ಕರೆಸುವ ವಿಷಯದಲ್ಲಿಯೂ ನಮ್ಮಲ್ಲೊಂದು ಹಳೆಯ ಅಂಜಿಕೆ ಉಳಿದಿದೆ. ಅಭ್ಯಂಗವೆಂದರೆ ಕೊನೆಗಾಲ ಬಂದಿತೆಂದು ರೋಗಿ ಧೈರ್ಯ ಕಳೆದುಕೊಂಡಾನೆಂಬ ಭಯ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ, ‘ಅಂತಿಮ ಅಭ್ಯಂಗ’ ಎನ್ನುವುದಕ್ಕಿಂತ ‘ರೋಗಿಗಳ ಅಭ್ಯಂಗ’ವೆಂಬ ಹೆಸರೇ ಸೂಕ್ತ, ಇದು ಸಾವಿನ ಅಂಚಿನಲ್ಲಿರುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲ ಎಂದು ತಿಳಿಸಿತು. 1972ರಲ್ಲಿ ಜಗದ್ಗುರು ಆರನೇ ಪೌಲರು ಅದರ ವಿಧಿಯನ್ನು ನವೀಕರಿಸಿದರು. ರೋಗಿಗೆ ಪ್ರಜ್ಞೆಯಿರುವಾಗಲೇ, ಪತಿಪತ್ನಿ ಇಬ್ಬರೂ ಕೂಡಿ ಪ್ರಾರ್ಥಿಸಬಲ್ಲ ಹೊತ್ತಿನಲ್ಲೇ ಗುರುಗಳಿಗೆ ಹೇಳಿಕಳುಹಿಸುವುದು ಒಳ್ಳೆಯದು.

ನಿಜವಾದ ಪರೀಕ್ಷೆ ಮನೆಗೆ ಮರಳಿದ ಮೇಲಿನದು. ರೋಗಿ ಚೇತರಿಸಿಕೊಳ್ಳುತ್ತಾನೆ, ಸಂಗಾತಿಯ ಭಯ ಚೇತರಿಸಿಕೊಳ್ಳುವುದಿಲ್ಲ. ರಾತ್ರಿಯಲ್ಲಿ ಎದ್ದು ಉಸಿರಾಟ ನೋಡುವುದು, ಒಂದು ಕೊಡ ನೀರೆತ್ತಿದರೂ ಗದರುವುದು, ಉಪ್ಪಿನಕಾಯಿಯ ಭರಣಿಯನ್ನು ಬಚ್ಚಿಡುವುದು. ಪ್ರೀತಿಯಿಂದಲೇ ಹುಟ್ಟಿದ ಈ ಕಾವಲು ದಿನ ಕಳೆದಂತೆ ಸೆರೆಮನೆಯಾಗುತ್ತದೆ. ಒಂದು ಕಾಲದಲ್ಲಿ ವೈದ್ಯರೂ ಹೀಗೆಯೇ ಮಾಡುತ್ತಿದ್ದರು. ಹೃದಯಾಘಾತವಾದವರನ್ನು ವಾರಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. 1952ರಲ್ಲಿ ಬಾಸ್ಟನ್ನಿನ ಲೆವೈನ್ ಮತ್ತು ಲೌನ್ ಎಂಬ ವೈದ್ಯರು ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕುಳ್ಳಿರಿಸಿ, ಅದರಿಂದ ಒಳಿತೇ ಆಗುವುದೆಂದು ವರದಿ ಮಾಡಿದರು. ಐಸೆನ್‌ಹೋವರ್ ಅವರನ್ನು ನೋಡಿದ ಹೃದಯತಜ್ಞ ಪಾಲ್ ಡಡ್ಲಿ ವೈಟ್ ಕೂಡ ಹೃದಯಾಘಾತವಾದವರು ದುಡಿಮೆಗೆ ಮರಳಬೇಕೆನ್ನುವ ಪಕ್ಷದವರು. ಮೇಮಿಯವರು ಆ ಏಳು ವಾರ ಆಸ್ಪತ್ರೆಯಲ್ಲಿಯೇ ಉಳಿದು, ಹಿತೈಷಿಗಳಿಂದ ಬಂದ ಸಾವಿರಾರು ಪತ್ರಗಳಿಗೆ ಉತ್ತರಿಸುತ್ತ ಕುಳಿತರು. ಪತಿ ಮತ್ತೆ ಚುನಾವಣೆಗೆ ನಿಂತಾಗ ಕೈಹಿಡಿದು ಜಗ್ಗಲಿಲ್ಲ. 1956ರಲ್ಲಿ ಗೆದ್ದ ಐಸೆನ್‌ಹೋವರ್ ಅವಧಿ ಪೂರೈಸಿ, 1969ರವರೆಗೆ ಬದುಕಿದರು.

ಹಾಗೆಂದು ಎಲ್ಲವನ್ನೂ ಸಡಿಲ ಬಿಡಲಾಗದು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ತಮ್ಮಿಷ್ಟಕ್ಕೆ ನಿಲ್ಲಿಸಿದರೆ ಅಪಾಯ. ಧೂಮಪಾನದ ವಿಷಯದಲ್ಲಿ ರಾಜಿಯೇ ಇಲ್ಲ. ಆದರೆ ಒಬ್ಬರಿಗೆ ಮಾತ್ರ ಸಪ್ಪೆ ಊಟ ಬಡಿಸಿ ಉಳಿದವರು ಹಂದಿಮಾಂಸ ಸವಿಯುವ ಮನೆಯಲ್ಲಿ ಪಥ್ಯ ಎಷ್ಟು ದಿನ ನಡೆದೀತು? ಸಂಜೆಯ ನಡಿಗೆಗೆ ‘ಹೋಗಿಬನ್ನಿ’ ಎನ್ನುವುದಕ್ಕಿಂತ ಚಪ್ಪಲಿ ಮೆಟ್ಟಿ ಜೊತೆಗೆ ಹೊರಡುವುದು ಲೇಸು.

ಹೃದಯಾಘಾತದ ಬಳಿಕ ಅನೇಕರನ್ನು ಖಿನ್ನತೆ ಕಾಡುತ್ತದೆ. ಕಾರಣವಿಲ್ಲದ ಸಿಡುಕು, ನಿದ್ರಾಹೀನತೆ, ಪೂಜೆಗೂ ಬಾರದೆ ಮನೆಯಲ್ಲೇ ಕುಳಿತುಬಿಡುವುದು ಇದರ ಲಕ್ಷಣಗಳಾಗಿರಬಹುದು. ಅಂಥ ಖಿನ್ನತೆ ಹೃದಯಕ್ಕೂ ಕೆಡುಕೆಂದು ಅಮೆರಿಕದ ಹೃದಯ ಸಂಘ 2014ರಲ್ಲಿ ಎಚ್ಚರಿಸಿತ್ತು. ಹಟಮಾರಿತನವೆಂದು ಜಗಳವಾಡುವ ಬದಲು ವೈದ್ಯರಿಗೆ ತಿಳಿಸಿರಿ. ದಾಂಪತ್ಯದ ಸಾಮೀಪ್ಯದ ಕುರಿತ ಅಂಜಿಕೆಯನ್ನೂ ಸಂಕೋಚವಿಲ್ಲದೆ ಅವರಲ್ಲಿಯೇ ಕೇಳಬಹುದು. ಎರಡು ಮಹಡಿ ಮೆಟ್ಟಿಲನ್ನು ತೊಂದರೆಯಿಲ್ಲದೆ ಹತ್ತಬಲ್ಲವರಿಗೆ ಸಾಮಾನ್ಯವಾಗಿ ಅವರು ಅಡ್ಡಿ ಹೇಳುವುದಿಲ್ಲ.

ರೋಗಿಯ ಮುಂದಿನ ತಪಾಸಣೆಗೆ ಜೊತೆಯಲ್ಲಿ ಹೋದಾಗ, ಅದೇ ವೈದ್ಯರಲ್ಲಿ ತಮ್ಮ ರಕ್ತದೊತ್ತಡವನ್ನೂ ನೋಡಿಸಿಕೊಂಡು ಬರುವವರು ವಿರಳ. ತಿಂಗಳುಗಟ್ಟಲೆ ನಿದ್ದೆಗೆಟ್ಟವರು ಅವರೇ ತಾನೆ.