ಕೈ ತೊಳೆದು ಕೂತರಾಯಿತೇ? ಪರದೇಶದ ಸೇವೆಗೆ ಹೊರಡುವ ಮುನ್ನ

ಹಲಸೂರಿನ ಕೆನ್ಸಿಂಗ್ಟನ್ ರಸ್ತೆಯ ಗುರುದ್ವಾರದಲ್ಲಿ ಲಂಗರ್‌ಗೆ ರೊಟ್ಟಿ ಲಟ್ಟಿಸಲು ಕೂರುವವರನ್ನು ಯಾರೂ ಅರ್ಜಿ ಕೇಳುವುದಿಲ್ಲ. ತಲೆಗೆ ಬಟ್ಟೆ ಕಟ್ಟಿ, ಕೈ ತೊಳೆದು ಕೂತರಾಯಿತು. ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಮುಂದೆ ಜನ ಕಿಕ್ಕಿರಿದಾಗ ಹಗ್ಗ ಹಿಡಿದು ನಿಲ್ಲುವ ಹುಡುಗರೂ ಹಾಗೇ ಬಂದವರು. ಬೆಂಗಳೂರು ಕಂಟೋನ್ಮೆಂಟಿನ ನಮಗೆ ಸೇವೆ ಎಂದರೆ ಇದೇ. ಇಲ್ಲಿನ ಹುಡುಗ ಹುಡುಗಿಯರು ಕೆನ್ಯಾಕ್ಕೋ ನೇಪಾಳಕ್ಕೋ ಜರ್ಮನಿಗೋ ಸ್ವಯಂಸೇವಕರಾಗಿ ಹೊರಟಾಗಲೂ ಈ ನಂಬಿಕೆಯನ್ನೇ ಗಂಟು ಕಟ್ಟಿಕೊಂಡು ಹೋಗುತ್ತಾರೆ. ಹಲವು ವರ್ಷಗಳಿಂದ ಇಂಥವರ ಕಾಗದಪತ್ರ ನೋಡಿಕೊಡುತ್ತಾ ಬಂದಿದ್ದೇನೆ. ಅವರ ಒಳ್ಳೆಯತನದ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ತಪ್ಪು ತಿಳಿವಳಿಕೆಯಿಂದ ಅವರೂ ಕಷ್ಟಪಟ್ಟು, ಕರೆಸಿಕೊಂಡವರಿಗೂ ಕಷ್ಟ ಕೊಡುವುದನ್ನು ಕಂಡು ಸಂಕಟಪಟ್ಟಿದ್ದೇನೆ. ಮತ್ತೆ ಮತ್ತೆ ಕಿವಿಗೆ ಬೀಳುವ ಕೆಲವು ಮಾತುಗಳು ಇಲ್ಲಿವೆ.

“ಮನಸ್ಸಿದ್ದರೆ ಸಾಕು, ಕೆಲಸ ಅಲ್ಲೇ ಕಲಿತುಕೊಳ್ಳಬಹುದು”

ಸಾಲದು. ಬೆಳಗ್ಗೆ ಗಾರೆ ಕೆಲಸಕ್ಕೆ ಜನ ಸೇರುವ ಯಾವುದಾದರೂ ವೃತ್ತದಲ್ಲಿ ನಿಂತು, “ನನಗೆ ಕರಣೆ ಹಿಡಿಯಲು ಬರುವುದಿಲ್ಲ, ಆದರೆ ಮನಸ್ಸಿದೆ” ಎಂದರೆ ಯಾವ ಮೇಸ್ತ್ರಿ ಗೋಡೆ ಕಟ್ಟಲು ಬಿಡುತ್ತಾನೆ? ಅದೇ ಹುಡುಗ ಆಫ್ರಿಕಾದ ಹಳ್ಳಿಯಲ್ಲಿ ಶಾಲೆ ಕಟ್ಟಲು ಹೋದಾಗ ಮಾತ್ರ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ರಸಮಟ್ಟ ಇಡಲು ಬಾರದವರು ಕಟ್ಟಿದ ಗೋಡೆಯನ್ನು ಅಲ್ಲಿನ ಮೇಸ್ತ್ರಿಯೇ ಕೆಡವಿ ಮತ್ತೆ ಕಟ್ಟಬೇಕು. ಅವನ ಊರಿನಲ್ಲಿ ಅವನ ಕೂಲಿಯನ್ನು ನಾವು ಕಿತ್ತುಕೊಂಡಂತೆಯೂ ಆಯಿತು.

ನಮ್ಮ ಗಡಿಯಾಚೆಗಿನ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರನ್ನು ನೆನೆಯಿರಿ. 1938ರಲ್ಲಿ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಅವರೂ ಒಬ್ಬರು. ಹೋಗುವಾಗಲೇ ವೈದ್ಯರಾಗಿದ್ದರು; ಯುದ್ಧದ ನಡುವೆ ಬೇಕಾಗಿದ್ದೂ ವೈದ್ಯರೇ. ಅಲ್ಲಿಗೆ ಹೋದಮೇಲೆ ಚೀನೀ ಭಾಷೆ ಕಲಿತರು. ಉಳಿದವರು ಮರಳಿದರೂ ಅವರು ಅಲ್ಲೇ ಉಳಿದು ಆಸ್ಪತ್ರೆ ನಡೆಸಿದರು. 1942ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ 32 ವರ್ಷ. ಅವರ ತ್ಯಾಗವನ್ನು ಎಲ್ಲರೂ ಕೊಂಡಾಡುತ್ತೇವೆ. ಆ ತ್ಯಾಗಕ್ಕೆ ಬೆಲೆ ಬಂದದ್ದು ಕೈಯಲ್ಲಿ ಕಸುಬು ಇದ್ದುದರಿಂದ ಎಂಬುದನ್ನು ಮರೆಯುತ್ತೇವೆ.

ಕಸುಬು ಎಂದರೆ ಪದವಿಯೇ ಆಗಬೇಕೆಂದಿಲ್ಲ. ಲೆಕ್ಕಪತ್ರ ಇಡಲು ಬರುವವರು, ಪಂಪ್‌ಸೆಟ್ ರಿಪೇರಿ ಬಲ್ಲವರು, ಹೊಲಿಗೆ ಕಲಿಸಬಲ್ಲವರು ಎಲ್ಲ ಕಡೆಯೂ ಬೇಕು. ಕೋವಿಡ್ ಕಾಲದಲ್ಲಿ ಎಲ್ಲ ಧರ್ಮದವರ ಶವಸಂಸ್ಕಾರಕ್ಕೂ ನಿಂತ ಬೆಂಗಳೂರಿನ ಮರ್ಸಿ ಏಂಜಲ್ಸ್ ತಂಡವನ್ನು ನೋಡಿ. ಪಿಪಿಇ ತೊಡುವುದನ್ನು, ಅದಕ್ಕಿಂತ ಮುಖ್ಯವಾಗಿ ಕಳಚುವುದನ್ನು ಕಲಿಯದೆ ಅಂಥ ಕೆಲಸಕ್ಕೆ ಇಳಿಯುವಂತೆಯೇ ಇರಲಿಲ್ಲ. ಇಲ್ಲಿ ಆರು ತಿಂಗಳು ಬಿಡದೆ ಮಾಡಿದ ಕೆಲಸ ನಿಮ್ಮ ಅರ್ಜಿಯಲ್ಲಿ ಹತ್ತು ಪ್ರಮಾಣಪತ್ರಗಳಿಗಿಂತ ತೂಗುತ್ತದೆ. ವೈದ್ಯರಿಗೆ, ದಾದಿಯರಿಗೆ ಇನ್ನೊಂದು ಮಾತು: ಇಲ್ಲಿನ ನೋಂದಣಿ ಅಲ್ಲಿ ನಡೆಯುವುದಿಲ್ಲ. ಆ ದೇಶದ ವೈದ್ಯಕೀಯ ಅಥವಾ ನರ್ಸಿಂಗ್ ಕೌನ್ಸಿಲ್ ತಾತ್ಕಾಲಿಕ ಪರವಾನಗಿ ಕೊಡುವವರೆಗೆ ರೋಗಿಯನ್ನು ಮುಟ್ಟಬೇಡಿ.

“ಸಂಬಳ ಇಲ್ಲವಲ್ಲ, ಟೂರಿಸ್ಟ್ ವೀಸಾ ಸಾಕು”

“ಅಕ್ಕಾ, ಸೇವೆ ಮಾಡೋಕೆ ಹೋಗೋರನ್ನ ಯಾರು ತಡೀತಾರೆ?” ಎಂದು ಒಬ್ಬ ಹುಡುಗ ನನ್ನನ್ನು ಕೇಳಿದ್ದ. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ಜರ್ಮನಿಯ ಹುಡುಗನೊಬ್ಬ ಕೆ.ಆರ್.ಪುರದ ಯಾವುದೋ ಟ್ರಸ್ಟಿನ ಶಾಲೆಯಲ್ಲಿ ಒಂದು ವರ್ಷ ಪುಕ್ಕಟೆಯಾಗಿ ಪಾಠ ಹೇಳಲು ಬರುತ್ತಾನೆ ಎಂದಿಟ್ಟುಕೊಳ್ಳಿ. ನಮ್ಮ ಸರ್ಕಾರ ಅವನಿಂದ ಉದ್ಯೋಗ ವೀಸಾ ಕೇಳುತ್ತದೆ. ಇ-ಟೂರಿಸ್ಟ್ ವೀಸಾದಲ್ಲಿ ಪುಕ್ಕಟೆ ಸೇವೆಗೆ ಅವಕಾಶ ಇರುವುದು ಹೆಚ್ಚೆಂದರೆ ಒಂದು ತಿಂಗಳು. ವರ್ಷದ ಮಟ್ಟಿಗೆ ಬಂದವನು ವಿದೇಶೀಯರ ನೋಂದಣಿ ಕಚೇರಿಯಲ್ಲೂ ಹೆಸರು ಬರೆಸಬೇಕು. ನಮ್ಮ ಮನೆಗೆ ಬರುವವರಿಗೆ ಇಷ್ಟು ನಿಯಮ ಇಟ್ಟಿರುವ ನಾವು, ಬೇರೆಯವರ ಮನೆಯಲ್ಲಿ ಬಾಗಿಲು ತೆರೆದೇ ಇರುತ್ತದೆ ಎಂದುಕೊಳ್ಳುವುದು ಹೇಗೆ?

ಬ್ರಿಟನ್ನಿನಲ್ಲಿ ಸಂಬಳವಿಲ್ಲದ ಸೇವೆಗೆಂದೇ ಚಾರಿಟಿ ವರ್ಕರ್ ವೀಸಾ ಇದೆ. ಕರೆಸಿಕೊಳ್ಳುವ ಸಂಸ್ಥೆ ಪ್ರಾಯೋಜಕತ್ವದ ಪತ್ರ ಕೊಡಬೇಕು, ಗರಿಷ್ಠ ಅವಧಿ 12 ತಿಂಗಳು. ಎಷ್ಟೋ ದೇಶಗಳ ಕಾನೂನಿಗೆ ಕೆಲಸ ಎಂದರೆ ಕೆಲಸ. ದುಡ್ಡು ಪಡೆದಿರೋ ಇಲ್ಲವೋ ಅದಕ್ಕೆ ಮುಖ್ಯವಲ್ಲ. “ವಿಮಾನ ನಿಲ್ದಾಣದಲ್ಲಿ ಟೂರಿಸ್ಟ್ ಅಂತ ಹೇಳಿಬಿಡಿ” ಎಂದು ಹೇಳಿಕೊಡುವ ಸಂಸ್ಥೆಯನ್ನು ಆ ಕ್ಷಣವೇ ಬಿಡಿ. ಮೊದಲ ದಿನವೇ ಸುಳ್ಳು ಹೇಳಿಸುವವರು ನಾಳೆ ನೀವು ಸಿಕ್ಕಿಬಿದ್ದಾಗ ಠಾಣೆಗೆ ಬರುವವರಲ್ಲ. ನೇಪಾಳಕ್ಕೆ ನಮಗೆ ವೀಸಾ ಬೇಡ, ನಿಜ. ಆದರೆ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಆಧಾರ್ ಸಾಲದು. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕೇ ಬೇಕು.

ಮಕ್ಕಳ ನಡುವೆ ಕೆಲಸ ಕೊಡುವ ಜವಾಬ್ದಾರಿಯುತ ಸಂಸ್ಥೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ ಕೇಳುತ್ತದೆ. ಇದನ್ನು ಅವಮಾನ ಎಂದು ತಿಳಿಯಬೇಡಿ. ಕೇಳದಿದ್ದರೆ ಮಾತ್ರ ಹೆದರಿ. ಪಾಸ್‌ಪೋರ್ಟ್ ಸೇವಾ ತಾಣದಲ್ಲಿ ಅರ್ಜಿ ಹಾಕಿದರೆ ಪೂರ್ವ ಬೆಂಗಳೂರಿನವರಿಗೆ ಮಾರತ್ತಹಳ್ಳಿಯ ಕೇಂದ್ರ ಹತ್ತಿರ. ಪಾಸ್‌ಪೋರ್ಟಿನಲ್ಲಿ ಕೋಲಾರದ ಊರಮನೆ, ವಾಸ ಹಲಸೂರಿನ ಬಾಡಿಗೆ ಮನೆ ಎಂದಿದ್ದರೆ ಪೊಲೀಸ್ ಪರಿಶೀಲನೆ ಎಳೆದಾಡುತ್ತದೆ, ಆದ್ದರಿಂದ ಮೂರು ತಿಂಗಳು ಮೊದಲೇ ಶುರುಮಾಡಿ. ಅಂಕಪಟ್ಟಿ, ಪದವಿಪತ್ರ ಕೇಳಿದರೆ ರಾಜ್ಯ ಮಟ್ಟದ ದೃಢೀಕರಣ ಮುಗಿಸಿ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ ಹಾಕಿಸಬೇಕು. ಈ ಮುದ್ರೆಯನ್ನು ಪರಸ್ಪರ ಒಪ್ಪುವ ದೇಶಗಳ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. ಸೇರದ ದೇಶಗಳಿಗೆ ಹೋಗುವವರು ಆಯಾ ರಾಯಭಾರ ಕಚೇರಿಯ ಮುದ್ರೆ ಹಾಕಿಸಬೇಕು.

“ಸೇವೆಗೆ ಯಾರಾದರೂ ದುಡ್ಡು ಕೇಳುತ್ತಾರೆಯೇ? ಕೇಳಿದರೆ ಮೋಸ” ಮತ್ತು “ದುಡ್ಡು ಕೊಡದೆ ಏನೂ ಆಗದು”

ಎರಡೂ ಮಾತು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ ಅರ್ಜಿಗೆ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. 1970ರಲ್ಲಿ ಸಾಮಾನ್ಯ ಸಭೆಯ ನಿರ್ಣಯದಿಂದ ಹುಟ್ಟಿದ ಈ ಕಾರ್ಯಕ್ರಮದ ಕೇಂದ್ರ ಕಚೇರಿ ಈಗ ಜರ್ಮನಿಯ ಬಾನ್‌ನಲ್ಲಿದೆ. ಆಯ್ಕೆಯಾದವರಿಗೆ ಅವರೇ ಜೀವನ ನಿರ್ವಹಣಾ ಭತ್ಯೆ ಕೊಡುತ್ತಾರೆ. ಯುವಕರಿಗೆ ಮಾತ್ರ ಎಂಬುದೂ ಸುಳ್ಳು. ನಿವೃತ್ತರಾದ ಎಂಜಿನಿಯರುಗಳು, ದಾದಿಯರು ತಜ್ಞರ ವಿಭಾಗಕ್ಕೆ ಅರ್ಜಿ ಹಾಕಬಹುದು.

ಜರ್ಮನಿಯ ಸ್ವಯಂಸೇವಾ ವರ್ಷದ ವಿಷಯದಲ್ಲಂತೂ ನನ್ನ ಹೊಟ್ಟೆ ಉರಿಯುತ್ತದೆ. ವೃದ್ಧಾಶ್ರಮ, ಆಸ್ಪತ್ರೆ, ಅಂಗವಿಕಲರ ಶಾಲೆಗಳಲ್ಲಿ ದುಡಿಯುವ ಯುವಜನರಿಗೆ ಅಲ್ಲಿನ ಸಂಸ್ಥೆಯೇ ಕೈಖರ್ಚು ಕೊಟ್ಟು, ಆರೋಗ್ಯ ವಿಮೆ ಕಟ್ಟುತ್ತದೆ. ಬಹಳ ಕಡೆ ಊಟ ವಸತಿಯೂ ಸಿಗುತ್ತದೆ. ಭಾರತದಂಥ ದೇಶಗಳಿಂದ 18ರಿಂದ 28 ವಯಸ್ಸಿನವರನ್ನು ಕರೆಸಿಕೊಳ್ಳುವ ವೆಲ್ಟ್‌ವೆರ್ಟ್ಸ್ ಯೋಜನೆಗೆ ಸರ್ಕಾರದ ಹಣವಿದೆ. ಇಷ್ಟಿದ್ದೂ ಇದೇ ಸೀಟಿಗೆ ಲಕ್ಷಗಟ್ಟಲೆ ಕೇಳುವ ಏಜೆಂಟರು ನಮ್ಮ ಬಡಾವಣೆಗಳಲ್ಲಿದ್ದಾರೆ, ಮಗಳ ಓಲೆ ಅಡವಿಟ್ಟು ಕಟ್ಟುವ ತಾಯಂದಿರೂ ಇದ್ದಾರೆ. ಆ ಹಣದಲ್ಲಿ ಇಂದಿರಾನಗರದ ಸಿಎಂಎಚ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗಿ ಜರ್ಮನ್ ಕಲಿಯಿರಿ. ಅರ್ಜಿಯನ್ನು ನೇರವಾಗಿ ಅಲ್ಲಿನ ಸಂಸ್ಥೆಗೇ ಬರೆಯಿರಿ. ಭಾಷೆ ಕಲಿಯುವುದಕ್ಕೆ ಬಳಸುದಾರಿ ಇಲ್ಲ, ಏಜೆಂಟನಿಗೂ ಅದು ಗೊತ್ತು.

ಹಾಗೆಂದು ಹಣ ಕೇಳಿದವರೆಲ್ಲ ಕಳ್ಳರಲ್ಲ. ಎರಡು ವಾರಕ್ಕೆ ಬರುವ ನಿಮ್ಮ ಊಟ, ಹಾಸಿಗೆ, ಓಡಾಟಕ್ಕೆ ಬಡ ಹಳ್ಳಿಯ ಸಂಘವೊಂದು ಎಲ್ಲಿಂದ ತರಬೇಕು? ಕೇಳಬೇಕಾದ ಪ್ರಶ್ನೆ ಬೇರೆ: ಕೊಟ್ಟದ್ದರಲ್ಲಿ ಆ ಊರಿಗೆ ಎಷ್ಟು ಸೇರುತ್ತದೆ? ಬಿಡಿಬಿಡಿಯಾಗಿ ಬರೆದುಕೊಡಲು ಹೇಳಿ. ಬರೆದುಕೊಡಲು ಹಿಂಜರಿದರೆ ನೀವೂ ಹಿಂಜರಿಯಿರಿ.

“ಇಂಗ್ಲಿಷ್ ಇದ್ದರೆ ಪ್ರಪಂಚವೇ ಗೆದ್ದಂತೆ”

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಮೀನು ಕೊಳ್ಳುವಾಗ ಇಂಗ್ಲಿಷ್ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ನಮಗೆ ಗೊತ್ತು. ದಖ್ಖನಿ, ತಮಿಳು, ಕನ್ನಡ ಒಂದೇ ಉಸಿರಿನಲ್ಲಿ ಆಡುವ ಅಲ್ಲಿನ ವ್ಯಾಪಾರಿಗಳು ಹೊಸ ಊರಿನ ಭಾಷೆಯನ್ನು ತಿಂಗಳಲ್ಲಿ ಹಿಡಿಯಬಲ್ಲರು. ನಾವೂ ಅವರ ಊರಿನವರೇ ತಾನೆ? ಸೆನೆಗಲ್ ಕಡೆಗಾದರೆ ಕಂಟೋನ್ಮೆಂಟ್ ರೈಲು ನಿಲ್ದಾಣದ ಹತ್ತಿರದ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಫ್ರೆಂಚ್, ಪೂರ್ವ ಆಫ್ರಿಕಾಕ್ಕಾದರೆ ಸ್ವಾಹಿಲಿಯ ಇನ್ನೂರು ಪದ. ನೀರು, ನೋವು, ಎಷ್ಟು, ಸಾಕು, ಕ್ಷಮಿಸಿ: ಇವುಗಳಿಂದ ಶುರುಮಾಡಿ.

“ಅನಾಥಾಲಯದ ಮಕ್ಕಳಿಗೆ ನಮ್ಮ ಪ್ರೀತಿ ಬೇಕು”

ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ, ಏಕೆಂದರೆ ಹೊರಡುವವರಲ್ಲಿ ಬಹುಮಂದಿಯ ಕನಸು ಇದೇ. ಜಗತ್ತಿನ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳು ಅನಾಥರಲ್ಲ. ತಂದೆಯೋ ತಾಯಿಯೋ ಬದುಕಿದ್ದಾರೆ, ಬಡತನ ಅವರನ್ನು ಅಲ್ಲಿಗೆ ತಂದಿದೆ. ನೇಪಾಳ, ಕಾಂಬೋಡಿಯಾಗಳಲ್ಲಿ ಪ್ರವಾಸಿಗಳ ಕಾಣಿಕೆಗಾಗಿಯೇ ಹಳ್ಳಿಗಳಿಂದ ಮಕ್ಕಳನ್ನು ಕರೆತಂದು ತುಂಬಿಸಿದ ಉದಾಹರಣೆಗಳಿವೆ. ನಾವು ಹೋದಷ್ಟೂ ಆ ಅಂಗಡಿ ನಡೆಯುತ್ತದೆ. ಆಸ್ಟ್ರೇಲಿಯಾ 2018ರಲ್ಲಿ ಇಂಥ ಸಾಗಣೆಯನ್ನು ಆಧುನಿಕ ಗುಲಾಮಗಿರಿಯ ಒಂದು ರೂಪ ಎಂದು ಗುರುತಿಸಿತು.

ಮೋಸವಿಲ್ಲದ ಕಡೆಯೂ ತೊಂದರೆ ಇದೆ. ಎರಡು ವಾರ ಎತ್ತಿ ಆಡಿಸಿ, ಅಳಿಸಿ ಹೊರಟುಹೋಗುವ ಅಕ್ಕ, ಮುಂದಿನ ವಾರ ಇನ್ನೊಬ್ಬ ಅಣ್ಣ. ಹೀಗೆ ವರ್ಷಕ್ಕೆ ಇಪ್ಪತ್ತು ಸಲ ಬಿಟ್ಟುಹೋಗಿಸಿಕೊಂಡ ಮಗು ಯಾರನ್ನು ನಂಬಬೇಕು? ನಿಮ್ಮ ಮನೆಯ ಮಗುವನ್ನು ಹಾಗೆ ಅಪರಿಚಿತರ ಕೈಗೆ ಕೊಡುತ್ತೀರಾ? ಮಕ್ಕಳಿಗಾಗಿ ದುಡಿಯಬೇಕೆನಿಸಿದರೆ ಅವರನ್ನು ಹೆತ್ತವರ ಬಳಿಯೇ ಉಳಿಸುವ ಕೆಲಸ ಹುಡುಕಿ. ಶಾಲೆಯ ಶುಲ್ಕ, ತಾಯಂದಿರ ಸ್ವಸಹಾಯ ಗುಂಪು, ಸ್ಥಳೀಯ ಶಿಕ್ಷಕರ ತರಬೇತಿ, ಇಂಥವು ಬೇಕಾದಷ್ಟಿವೆ. ಫೋಟೋ ಹಾಕಿಕೊಳ್ಳಲು ಸಿಗುವುದಿಲ್ಲ, ಅಷ್ಟೇ.

“ಹಳೆಬಟ್ಟೆ ತುಂಬಿಕೊಂಡು, ಅನಾಹುತ ಆದ ಮರುದಿನವೇ ಹೋಗಬೇಕು”

ಬಟ್ಟೆ ಬೇಡ. ಪೂರ್ವ ಆಫ್ರಿಕಾದ ಮಾರುಕಟ್ಟೆಗಳಲ್ಲಿ ಮಿತುಂಬಾ ಎಂದು ಕರೆಯುವ ಹಳೆಬಟ್ಟೆಯ ರಾಶಿಯಿಂದ ಅಲ್ಲಿನ ದರ್ಜಿಗಳೇ ಸೋತಿದ್ದಾರೆ. ಅನಾಹುತದ ಮಾತಿಗೆ ಬಂದರೆ, 2015ರ ಏಪ್ರಿಲ್ 25ರ ಭೂಕಂಪದ ನಂತರ ಕಠ್ಮಂಡುವಿನ ಒಂದೇ ರನ್‌ವೇಯ ವಿಮಾನ ನಿಲ್ದಾಣ ಹೊತ್ತ ಭಾರಕ್ಕೆ ನಲುಗಿತು. ಕೆಲವೇ ದಿನಗಳಲ್ಲಿ ನೇಪಾಳ ಸರ್ಕಾರವೇ ವಿದೇಶಿ ಶೋಧ ತಂಡಗಳಿಗೆ ಮರಳಲು ಹೇಳಿತು. ತರಬೇತಿ ಇಲ್ಲದವರು ಅಲ್ಲಿ ಇನ್ನೊಂದು ಬಾಯಿ, ಇನ್ನೊಂದು ಹಾಸಿಗೆ. ಆ ವಾರ ಹಣ ಕಳಿಸಿ, ಆರು ತಿಂಗಳಾದ ಮೇಲೆ ಕರೆದರೆ ಹೋಗಿ.

“ನಾವು ಇಂಡಿಯಾದವರು, ನಮಗೇನೂ ಆಗಲ್ಲ”

ಶಿವಾಜಿನಗರದ ರಸ್ತೆಬದಿಯಲ್ಲಿ ತಿಂದು ಬೆಳೆದ ಹೊಟ್ಟೆ ಯಾವ ನೀರನ್ನಾದರೂ ಅರಗಿಸುತ್ತದೆ ಎಂಬ ಈ ಹೆಮ್ಮೆ ಜೀವಕ್ಕೇ ಕುತ್ತು ತರಬಲ್ಲದು. ಅರ್ಧ ಸತ್ಯ ಇದರಲ್ಲಿದೆ. ಹಿಂದಿನ ತಲೆಮಾರಿನವರಿಗೆ ಚಿಕ್ಕಂದಿನಲ್ಲೇ ಹೆಪಟೈಟಿಸ್ ಎ ಬಂದುಹೋಗಿ ಜೀವಮಾನದ ರಕ್ಷಣೆ ಸಿಕ್ಕಿರುತ್ತಿತ್ತು. ಫಿಲ್ಟರ್ ನೀರು ಕುಡಿದು ಬೆಳೆದ ಇಂದಿನ ಮಕ್ಕಳಿಗೆ ಅದು ಇಲ್ಲದಿರಬಹುದು. ಟೈಫಾಯಿಡ್, ಹೆಪಟೈಟಿಸ್, ಟೆಟನಸ್ ಲಸಿಕೆಗಳ ಬಗ್ಗೆ, ನಾಯಿಗಳಿರುವ ಹಳ್ಳಿಗಾದರೆ ರೇಬೀಸ್ ಮುಂಜಾಗ್ರತಾ ಚುಚ್ಚುಮದ್ದಿನ ಬಗ್ಗೆ, ಹೊರಡುವ ಎರಡು ತಿಂಗಳು ಮುಂಚೆ ವೈದ್ಯರೊಡನೆ ಮಾತಾಡಿ. ಸಣ್ಣ ಗಾಯ ಎಂದು ಬಿಡಬೇಡಿ. ಕೋಟ್ನಿಸ್ ಅವರಿಗಿಂತ ಮೊದಲು ಅದೇ ನೆಲದಲ್ಲಿ ದುಡಿದ ಕೆನಡಾದ ಡಾ. ನಾರ್ಮನ್ ಬೆಥೂನ್ 1939ರಲ್ಲಿ ಸತ್ತದ್ದು ಶಸ್ತ್ರಚಿಕಿತ್ಸೆ ಮಾಡುವಾಗ ಬೆರಳಿಗಾದ ಗಾಯ ನಂಜಾಗಿ.

ಹಳದಿ ಜ್ವರದ ಲಸಿಕೆಯ ವಿಷಯ ಬೇರೆಯೇ. ಕೆನ್ಯಾ, ಉಗಾಂಡಾ, ಘಾನಾಗಳಿಂದ ಮರಳುವವರು ಈ ಲಸಿಕೆಯ ಪ್ರಮಾಣಪತ್ರ ತೋರಿಸದಿದ್ದರೆ ನಮ್ಮ ಸರ್ಕಾರ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇಷ್ಟು ಕಟ್ಟುನಿಟ್ಟಿಗೆ ಕಾರಣವಿದೆ: ಭಾರತದಲ್ಲಿ ಹಳದಿ ಜ್ವರ ಇಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಪ್ರತಿ ಬೀದಿಯಲ್ಲಿದೆ. ಒಬ್ಬ ರೋಗಿ ಬಂದರೆ ಸಾಕು. ಈ ಲಸಿಕೆ ಮೂಲೆಯ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ. ಶೇಷಾದ್ರಿ ರಸ್ತೆಯ ಸಾರ್ವಜನಿಕ ಆರೋಗ್ಯ ಸಂಸ್ಥೆಯಂಥ ಅಧಿಕೃತ ಕೇಂದ್ರಗಳಲ್ಲಿ ಮಾತ್ರ, ಮೊದಲೇ ದಿನ ಗೊತ್ತುಮಾಡಿಕೊಂಡು ಹೋಗಬೇಕು. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿದ ಹತ್ತು ದಿನಗಳ ನಂತರ. ಹಿಂದೆ ಹತ್ತು ವರ್ಷಕ್ಕೊಮ್ಮೆ ಹಾಕಿಸಬೇಕಿತ್ತು, 2016ರಿಂದ ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ಮೊಟ್ಟೆ ಅಲರ್ಜಿ ಇರುವವರು, ಗರ್ಭಿಣಿಯರು, ಅರುವತ್ತು ದಾಟಿದವರು ಮೊದಲು ವೈದ್ಯರನ್ನು ಕೇಳಬೇಕು.

ಮಲೇರಿಯಾ ಬಗ್ಗೆಯೂ “ಮಂಗಳೂರಲ್ಲಿದ್ದಾಗ ಬಂದುಹೋಗಿದೆ, ಇನ್ನು ಬರಲ್ಲ” ಎನ್ನುತ್ತಾರೆ. ಬರುತ್ತದೆ. ಮಂಗಳೂರಿನಲ್ಲಿ ಹೆಚ್ಚಾಗಿ ಕಂಡದ್ದು ವೈವಾಕ್ಸ್. ಸಹಾರಾದ ದಕ್ಷಿಣಕ್ಕೆ ಹೆಚ್ಚಾಗಿ ಕಾಣುವುದು ಫಾಲ್ಸಿಪಾರಂ, ಮಿದುಳಿಗೆ ಏರಿ ಕೆಲವೇ ದಿನಗಳಲ್ಲಿ ಕೊಲ್ಲಬಲ್ಲದ್ದು. ಜಗತ್ತಿನ ಮಲೇರಿಯಾ ಸಾವುಗಳಲ್ಲಿ ಶೇ. 95ರಷ್ಟು ಆಫ್ರಿಕಾದಲ್ಲೇ ಆಗುತ್ತವೆ. ತಡೆ ಮಾತ್ರೆಯನ್ನು ಹೊರಡುವ ಮೊದಲೇ ಶುರುಮಾಡಿ, ಮರಳಿದ ಮೇಲೂ ವೈದ್ಯರು ಹೇಳಿದಷ್ಟು ದಿನ ನುಂಗಬೇಕು. ಮನೆ ಸೇರಿದ ಸಂಭ್ರಮದಲ್ಲಿ ನಿಲ್ಲಿಸಿಬಿಡುವವರೇ ಹೆಚ್ಚು.

ಬಂದು ಎರಡು ಮೂರು ತಿಂಗಳಾದ ಮೇಲೆ ಜ್ವರ ಕಾಣಿಸಿಕೊಂಡರೂ ಅದನ್ನು ಬೆಂಗಳೂರಿನ ವೈರಲ್ ಜ್ವರ ಎಂದು ಮಲಗಬೇಡಿ. ಅಂದೇ ಬೌರಿಂಗ್ ಆಸ್ಪತ್ರೆಗೋ ನಿಮ್ಮ ಮನೆ ವೈದ್ಯರಲ್ಲಿಗೋ ಹೋಗಿ, ನೆಗಡಿ ಕೆಮ್ಮಿನ ವಿವರಕ್ಕಿಂತ ಮೊದಲು ಈ ಮಾತು ಹೇಳಿ: “ಡಾಕ್ಟರೇ, ನಾನು ಉಗಾಂಡಾದಲ್ಲಿದ್ದು ಬಂದಿದ್ದೇನೆ, ರಕ್ತ ಪರೀಕ್ಷೆ ಮಾಡಿಸಿ.”